ನೀಲವ್ವನ ಸೀರೆಯ ದಡಿ

ನನ್ನ ಮೊದಲ ಪರದೇಶ ಲಕ್ಷ್ಮೇಶ್ವರ. ನಗುವವರು ನಕ್ಕು ಮುಗಿಸಲಿ, ಆಮೇಲೆ ಮುಂದುವರಿಸುತ್ತೇನೆ. ಗದಗಿನಿಂದ ಮುಳಗುಂದ ದಾಟಿ ಬಾಡಿಗೆ ಸೈಕಲ್ಲಿನ ಮೇಲೆ ಅರ್ಧ ದಿನದ ದಾರಿ ಅದು. ಆದರೆ ಗದಗು ಮುಂಬಯಿ ಸರಕಾರದ್ದು, ಲಕ್ಷ್ಮೇಶ್ವರ ಮೀರಜದ ಅರಸರದ್ದು, ಅದರ ಮಗ್ಗುಲಿನ ಶಿರಹಟ್ಟಿ ಸಾಂಗಲಿಯವರದ್ದು. ಮುಂಡರಗಿ ಮತ್ತೆ ನಮ್ಮದು. ಅಲ್ಲಿಂದಾಚೆ ಗಡಿ ದಾಟಿದರೆ ಹೈದರಾಬಾದ್ ಸಂಸ್ಥಾನ. ನಮ್ಮ ಮಂದಿಯ ಬಾಯಲ್ಲಿ ಅದು ಮೊಗಲಾಯಿ. ಎಲ್ಲ ಕಡೆಯೂ ತಿನ್ನುವುದು ಜೋಳದ ರೊಟ್ಟಿಯೇ, ಬೈಯುವುದು ಕನ್ನಡದಲ್ಲೇ. ಆದರೂ ಒಂದೇ ಹಗಲಿನಲ್ಲಿ ಮೂರು ರಾಜ್ಯ ಸುತ್ತಿ ಬಂದೆ ಎಂದು ಇಪ್ಪತ್ತರ ವಯಸ್ಸಿನ ನಾನು ಎದೆ ಉಬ್ಬಿಸಿಕೊಂಡು ತಿರುಗುತ್ತಿದ್ದೆ.

ಮುಂದೆ ಕೈರೋ, ಬೈರೂತ್, ಸೈಗಾನ್ ಎಂದು ಮೂವತ್ತು ವರ್ಷಕ್ಕೂ ಮೇಲೆ ಅಲೆದೆ. ಯಾವ ಊರಲ್ಲೂ ನೆಟ್ಟಗೆ ಕೂತವನಲ್ಲ. ನಿದ್ದೆಯಲ್ಲೂ ಈ ಮನುಷ್ಯ ಕಾಲು ಅಲ್ಲಾಡಿಸುತ್ತಾನೆ ಎಂದು ನನ್ನ ಹೆಂಡತಿ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಪುಸ್ತಕ ಬರೆದೆ, ಪ್ರಶಸ್ತಿ ಬಂದವು. ಹೋದ ಚಳಿಗಾಲದಲ್ಲಿ ಗದಗಿನವರು ಸನ್ಮಾನಕ್ಕೆ ಕರೆದರು. ಸ್ಟೇಶನ್ನಿನಿಂದ ಕಾರಿನಲ್ಲಿ ಬೆಟಗೇರಿಯ ಓಣಿ ಹಾದು ಹೋಗುವಾಗ ಕಿಟಕಿಯಿಂದ ಗಂಜಿಯ ವಾಸನೆ ಬಂತು. ಉಣ್ಣುವ ಗಂಜಿಯಲ್ಲ, ನೂಲಿಗೆ ಹಚ್ಚುವ ಗಂಜಿ, ತುಸು ಹುಳಿಯಾದದ್ದು. "ನಿಲ್ಲಿಸ್ರಿ" ಎಂದೆ. "ಸರ್, ಭಾಳ ಹೊತ್ತಾಗೇತ್ರಿ, ಮಂದಿ ಕಾಯಾಕತ್ತಾರ" ಎಂದರು ಕರೆಯಲು ಬಂದವರು. ನಾನು ಇಳಿದೇಬಿಟ್ಟೆ. ಈಗ ಆ ಓಣಿಯಲ್ಲಿ ಮಗ್ಗ ಉಳಿದಿರುವುದು ಒಂದೆರಡು ಮನೆಯಲ್ಲಿ. ಗೋಡೆಗೆ ಕೈಕೊಟ್ಟು ನಿಂತೆ, ಮತ್ತೆ ಬಂದು ಕಾರು ಹತ್ತಿದೆ. ಸಭೆಯಲ್ಲಿ ಅವರಿಗೆ ಬೇಕಾದ ಕೈರೋದ ಕತೆ ಹೇಳಿ ಶಾಲು ಹೊದ್ದುಕೊಂಡು ಬಂದೆ. ಹೇಳಬೇಕಾಗಿದ್ದದ್ದು ಆ ಓಣಿಯ ಸಂಗತಿ.

ಸ್ವಾತಂತ್ರ್ಯ ಬಂದ ಮರುವರ್ಷ ಅದು. ನಾನು ಕುರ್ತಕೋಟಿಯ ಹುಡುಗ. ಹೊಲ ಒಲ್ಲೆ, ಕಾರಕೂನಿಕೆ ಒಲ್ಲೆ ಎಂದು ಅಪ್ಪನ ಕೂಡ ಜಗಳಾಡಿ ಬಂದು ಹುಬ್ಬಳ್ಳಿಯ ಒಂದು ದಿನಪತ್ರಿಕೆಗೆ ಗದಗಿನ ಬಾತ್ಮೀದಾರನಾಗಿದ್ದೆ. ಬೆಟಗೇರಿಯಲ್ಲಿ ನೇಕಾರ ಈರಪ್ಪನ ಮನೆಯ ಮುಂದಿನ ಖೋಲಿ ನನ್ನದು. ಈರಪ್ಪ ಮಾತು ಕಡಿಮೆಯವನು. ಅವನ ಪಾಲಿನದನ್ನೂ ಹೆಂಡತಿ ತಿಪ್ಪವ್ವನೇ ಆಡುತ್ತಿದ್ದಳು. ನಾನು ಅವಳನ್ನು ಚಿಗವ್ವ ಎಂದು ಕರೆಯುತ್ತಿದ್ದೆ.

ಆ ಓಣಿಯಲ್ಲಿ ಒಂದು ಪದ್ಧತಿ ಇತ್ತು. ಬೆಳಗ್ಗೆ ಬಿಸಿಲು ಏರುವ ಮೊದಲು ನೂಲಿನ ಹಾಸನ್ನು ಓಣಿಯ ಉದ್ದಕ್ಕೆ ಎಳೆದು ಕಟ್ಟಿ, ಎರಡೂ ಕಡೆ ಜನ ನಿಂತು ಕುಂಚದಿಂದ ಗಂಜಿ ಹಚ್ಚಬೇಕು. ನೂಲು ಒಣಗುವವರೆಗೆ ಕುಂಚ ನಿಲ್ಲುವಂತಿಲ್ಲ, ನಿಂತರೆ ಎಳೆ ಅಂಟಿಕೊಳ್ಳುತ್ತವೆ. ಕೈಗೆ ಕೆಲಸ, ಬಾಯಿ ಕಿವಿ ಖಾಲಿ. ಹಾಗಾಗಿ ಓದು ಬಂದವನೊಬ್ಬ ಹಾಸಿನ ಗುಂಟ ಆ ತುದಿಯಿಂದ ಈ ತುದಿಗೆ ನಡೆಯುತ್ತ ಪೇಪರು ಓದಬೇಕು. ಆ ವರ್ಷ ಓದುವವನು ನಾನೇ. ನಿಂತಲ್ಲಿ ನಿಲ್ಲಲಾರದ ನನಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಕ್ಕೀತೇ? ನಾನು ಬರೆದದ್ದು ಬಂದ ದಿನವಂತೂ ದನಿ ಎರಡು ಓಣಿಗೆ ಕೇಳಿಸುತ್ತಿತ್ತು. "ಸಾವಕಾಶ ಓದೋ ಗುರುನಾಥಾ, ಹುಬ್ಬಳ್ಳಿಗೆ ಕೇಳ್ತೈತಿ!" ಎಂದು ಚಿಗವ್ವ ಚೇಷ್ಟೆ ಮಾಡುತ್ತಿದ್ದಳು.

ಹೋಳಿಯ ಹೊತ್ತಿಗೆ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಸೇರಿಹೋದವು. ಲಕ್ಷ್ಮೇಶ್ವರದಲ್ಲಿ, ಶಿರಹಟ್ಟಿಯಲ್ಲಿ ಜನ ಸಕ್ಕರೆ ಹಂಚುತ್ತಿದ್ದರು. ನಾನು ಅಳುಮೋರೆ ಹಾಕಿಕೊಂಡು ಸೈಕಲ್ಲು ತಳ್ಳುತ್ತ ಬಂದೆ. ಖರೆ ಹೇಳಬೇಕೆಂದರೆ ನನಗೆ ದುಃಖವಾಗಿತ್ತು. ಎರಡು ಪರದೇಶ ಒಂದೇ ವಾರದಲ್ಲಿ ಕೈಬಿಟ್ಟಿದ್ದವು. ಉಳಿದದ್ದು ಮೊಗಲಾಯಿ ಒಂದೇ. ಹೇಗಾದರೂ ಅಲ್ಲಿಯ ಸುದ್ದಿ ಹಿಡಿಯಬೇಕೆಂದು ಮುಂಡರಗಿಯ ಬಸ್ಸು ಹತ್ತತೊಡಗಿದೆ.

ಅಲ್ಲಿ ಗಡಿಯಾಚೆಯಿಂದ ಓಡಿಬಂದವರು ಅರಳೆ ಬಿಡಿಸುವ ಜಿನ್ನಿನ ಖಾಲಿ ಶೆಡ್ಡುಗಳಲ್ಲಿ ಬಿಡಾರ ಮಾಡಿದ್ದರು. ಆಚೆ ಬಂದೂಕಿನವರ ಕಾಟ. ಸರಕಾರದ ಸಿಪಾಯಿಗಳಲ್ಲ, ಹೇಳುವವರು ಕೇಳುವವರು ಇಲ್ಲದ ಗುಂಪುಗಳು. ನೆಲದೊಳಗಿನ ಹಗೇವು ತೆಗೆಸಿ ಜೋಳ ಒಯ್ಯುವುದು, ಕೇಳಿದರೆ ಬಣವಿಗೆ ಬೆಂಕಿ. ಬೇಸಿಗೆಯ ಒಂದು ಮಧ್ಯಾಹ್ನ ಅಲ್ಲಿ ನೀಲವ್ವ ಸಿಕ್ಕಳು. ಇಪ್ಪತ್ತೂ ತುಂಬಿರದ ಹೆಣ್ಣುಮಗಳು, ತವರು ನಮ್ಮ ಹಿರೇಹಂದಿಗೋಳ. ಗಂಡ ಫಕೀರಪ್ಪ ಅವಳನ್ನು ಗಡಿ ದಾಟಿಸಿ ತಾನು ಊರಲ್ಲೇ ಉಳಿದಿದ್ದ. ಅವನ ತಾಯಿಗೆ ಲಕ್ವಾ ಹೊಡೆದಿತ್ತು, ಹೊತ್ತು ತರುವ ಹಾಗಿರಲಿಲ್ಲ, ಬಿಟ್ಟು ಬರುವ ಹಾಗೂ ಇರಲಿಲ್ಲ. ಆ ಊರಿನ ಹೆಸರನ್ನು ನಾನು ಈಗಲೂ ಬರೆಯುವುದಿಲ್ಲ.

ಬಂದೂಕಿನವರು ತಮ್ಮ ಊರಲ್ಲಿ ಏನೇನು ಮಾಡಿದರು, ಯಾರನ್ನು ಹೊಡೆದರು, ಎಲ್ಲ ಹೇಳಿದಳು. ಹೇಳಿ ಮುಗಿಸಿ ನನ್ನ ಪೆನ್ಸಿಲಿನ ಮೇಲೆ ಕೈ ಇಟ್ಟಳು. "ಪೇಪರಿನವರ, ನನ್ನ ಹೆಸರು ಹಾಕಬ್ಯಾಡ್ರಿ. ಊರ ಹೆಸರೂ ಬ್ಯಾಡ. ಅಂವ ಅಲ್ಲೇ ಅದಾನ್ರಿ. ನಾ ಹೇಳೇನಿ ಅಂತ ಗೊತ್ತಾತಂದ್ರ ಅವನ್ನ ಜೀವಸಹಿತ ಬಿಡಂಗಿಲ್ಲ."

"ಹಾಕಂಗಿಲ್ಲವ್ವ, ನನ್ನ ಮ್ಯಾಲೆ ಭಾರ ಹಾಕು" ಎಂದೆ.

ಮಾತಿನಂತೆ ಹೆಸರು ಬಿಟ್ಟೆ, ಊರು ಬಿಟ್ಟೆ, ತವರನ್ನೂ ಬಿಟ್ಟೆ. ಬಿಟ್ಟ ಮೇಲೆ ಬರಹ ಸಪ್ಪಗೆ ಕಂಡಿತು. ಕಣ್ಣಿಗೆ ಕಟ್ಟುವಂಥದ್ದು ಏನಾದರೂ ಬೇಕಲ್ಲ? ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದದ್ದು ನೆನಪಾಯಿತು. ಬರೆದೆ: ಕರಿಮೈಯ ಸೀರೆ, ಹಳದಿ ದಡಿ, ದಡಿಯೊಳಗೆ ಜೋಳದ ತೆನೆಯ ಕೆಂಪು ಸಾಲು, ತೆನೆಗೊಂದು ಬಿಳಿ ಚುಕ್ಕೆ; ಇಷ್ಟೇ ಅವಳು ಉಟ್ಟು ತಂದ ಆಸ್ತಿ. ಆ ವಾಕ್ಯವನ್ನು ನಾಲ್ಕು ಸಲ ತಿದ್ದಿದೆ. ಸಂಪಾದಕರು ಮೊದಲ ಪುಟದಲ್ಲೇ ಹಾಕಿದರು.

ಹುಬ್ಬಳ್ಳಿಯ ಬೆಳಗಿನ ಗಾಡಿಗೆ ಪೇಪರು ಬಂತು. ನಾನು ಒಂದು ಪ್ರತಿ ಎತ್ತಿಕೊಂಡು ಓಣಿಗೆ ಓಡಿದೆ. ಹಾಸು ಎಳೆದು ಕಟ್ಟಿತ್ತು, ಕುಂಚ ಆಡುತ್ತಿದ್ದವು. ನಾಟಕದವರ ಹಾಗೆ ದನಿ ಏರಿಸಿ ಇಳಿಸಿ ಓದಿದೆ. ಸೀರೆಯ ವಾಕ್ಯ ಬಂದಾಗ ಚಿಗವ್ವನ ಕುಂಚ ನಿಂತಿತು. ಮೆಚ್ಚಿದಳು ಎಂದುಕೊಂಡೆ.

"ಇನ್ನೊಮ್ಮೆ ಓದು" ಎಂದಳು. ಓದಿದೆ.

"ಏ ಇವನ, ಕೇಳಿದಿಯಾ?" ಎಂದು ಗಂಡನತ್ತ ತಿರುಗಿದಳು. ಈರಪ್ಪ ತಲೆ ಎತ್ತಲಿಲ್ಲ, "ಹೂಂ, ನಮ್ಮದ" ಎಂದ.

"ಏನು ನಿಮ್ಮದು?" ಎಂದೆ.

"ಸೀರಿ ನಮ್ಮ ಮಗ್ಗದ್ದೋ! ತೆನಿ ನಮ್ಮ ಮಾವನ ಕಾಲದಿಂದ ಐತಿ, ಬಿಳಿ ಚುಕ್ಕಿ ನಾ ಹೇಳಿ ಹಾಕಿಸಿದ್ದು, ಎರಡು ವರ್ಷ ಆತು. ಒಂದ ಊರಿಗೆ ಹೋಗ್ತಾವ ಅವು. ಅಲ್ಲಿ ಲಗ್ನದಾಗ ಮದಲಗಿತ್ತಿಗೆ ಉಡಸ್ತಾರ." ಅಷ್ಟು ಹೇಳಿ ಆ ಊರಿನ ಹೆಸರು ಹೇಳಿದಳು. ಅದು ನೀಲವ್ವನ ಊರೇ. "ಎರಡು ವರ್ಷದಾಗ ಆ ಊರಾಗ ಎಷ್ಟು ಮದಲಗಿತ್ತ್ಯಾರು ಬಂದಿರಬೇಕು? ಮೂರು, ಇಲ್ಲಾ ನಾಕು. ಬೆಟಗೇರ್ಯಾಗ ಕುಂತು ನನಗ ಗೊತ್ತಾತು. ಅಲ್ಲಿದ್ದವರಿಗೆ ಗೊತ್ತಾಗಂಗಿಲ್ಲೇನು? ಏನ್ ಮಾಡಿಟ್ಟಿ ತಮ್ಮಾ ನೀನು!"

ನಮ್ಮ ಕಡೆ ಹೆಂಗಸಿನ ಮುಖಕ್ಕಿಂತ ಮೊದಲು ದಡಿ ನೋಡುತ್ತಾರೆ. ದಡಿ ನೋಡಿ ಯಾವ ಊರಿನವಳು, ಯಾವ ಮನೆಯ ಸೊಸೆ ಎಂದು ಅಂದಾಜು ಕಟ್ಟುತ್ತಾರೆ. ನೇಕಾರರ ಮನೆಯಲ್ಲೇ ಉಂಡು ಮಲಗುತ್ತಿದ್ದ ನನಗೆ ಅಷ್ಟು ತಿಳಿದಿರಲಿಲ್ಲ. ಬರೆಯುವವನೆಂಬ ಸೊಕ್ಕು, ಮತ್ತೇನು?

ಮುಂಡರಗಿಗೆ ಪೇಪರಿನ ಕಟ್ಟು ಒಯ್ಯುವ ಬಸ್ಸು ಆಗಲೇ ಹೋಗಿತ್ತು. ಹುಸೇನಸಾಬರ ಬಸ್ಸು ಅದು, ಇದ್ದಿಲಿನ ಗ್ಯಾಸಿನದು, ಏರಿನಲ್ಲಿ ಏದುಸಿರು ಬಿಡುತ್ತಿತ್ತು. ಹಿಂದಿನಿಂದ ಹಿಡಿದೇನು ಎಂಬ ಹುಚ್ಚು ಆಸೆಯಿಂದ ಸೈಕಲ್ಲು ಹತ್ತಿದೆ. ಗಾಳಿ ಬೆನ್ನಿಗಿತ್ತು. ಬಲಕ್ಕೆ ಕಪ್ಪತಗುಡ್ಡ ಜತೆಗೇ ಬರುತ್ತಿತ್ತು, ಎಷ್ಟು ತುಳಿದರೂ ಮುಗಿಯಲೊಲ್ಲದು. ಡಂಬಳದ ಕೆರೆಯ ಹತ್ತಿರ ಇಳಿದು ನೀರು ಕುಡಿದು ಮತ್ತೆ ಹತ್ತಿದೆ. ಮುಂಡರಗಿ ಮುಟ್ಟಿದಾಗ ಸೂರ್ಯ ನೆತ್ತಿಯಿಂದ ಜಾರಿದ್ದ.

ಪೇಪರಿನ ಏಜೆಂಟ ನನ್ನನ್ನು ಕಂಡು ಎದ್ದು ನಿಂತ. "ಬರ್ರಿ ಬರ್ರಿ! ಇವತ್ತ ನಿಮ್ಮ ಪೇಪರ ಭಾಳ ಓಡೇತಿ ನೋಡ್ರಿ, ಒಂದೂ ಉಳದಿಲ್ಲ. ಮೊಗಲಾಯಿಗೂ ಹೋದುವು, ಎಲಿ ಬುಟ್ಟಿ ಒಳಗ ಮುಚ್ಚಿಟ್ಟು ಒಯ್ದಾರ." ಆಚೆ ನಮ್ಮ ಪತ್ರಿಕೆಗೆ ಬಂದಿ ಇತ್ತು, ಒಯ್ಯುವಂತಿರಲಿಲ್ಲ. ಬಂದಿ ಇದ್ದದ್ದಕ್ಕೇ ಅಲ್ಲಿ ಅದನ್ನು ಹುಡುಕಿ ಓದುತ್ತಿದ್ದರು.

ನೀಲವ್ವನಿಗೆ ನಾನೇ ಹೇಳಿದೆ. ಬೇರೆಯವರಿಂದ ಕೇಳುವುದು ಬೇಡ ಎನಿಸಿತು. ಅವಳು ಬಗ್ಗಿ ತನ್ನ ದಡಿಯನ್ನೇ ನೋಡಿಕೊಂಡಳು. "ಹೆಸರು ಬ್ಯಾಡ ಅಂದಿದ್ದೆ. ಸೀರಿ ಯಾಕ ಬರದ್ರಿ?"

"ಛಂದ ಅನಿಸ್ತು" ಎಂದೆ. ಬಾಯಿಗೆ ಬಂದದ್ದು ಅದೊಂದೇ ಉತ್ತರ, ಮತ್ತು ಅದು ನಿಜವಾಗಿತ್ತು. ಅವಳು ಎದ್ದು ಶೆಡ್ಡಿನ ಒಳಗೆ ಹೋದಳು.

ಮರುದಿನ ಮಧ್ಯಾಹ್ನದ ಬಸ್ಸಿನಿಂದ ಚಿಗವ್ವ ಇಳಿದಳು. ಹಿಂದೆ ಈರಪ್ಪ, ಅವನ ಹಿಂದೆ ತಗಡಿನ ಟ್ರಂಕು ಹೊತ್ತ ಹುಸೇನಸಾಬರು. ಡ್ರೈವರರಾಗಿ ಅವರು ಯಾವತ್ತೂ ಯಾರ ಸಾಮಾನನ್ನೂ ಮುಟ್ಟಿದವರಲ್ಲ. ದಾರಿಯಲ್ಲಿ ಚಿಗವ್ವ ಎಲ್ಲ ಹೇಳಿದ್ದಳಂತೆ. "ನನ್ನ ತಂಗೀನೂ ಆ ಕಡೇನ ಅದಾಳ್ರಿ, ಅಕಿ ಮನ್ಯಾಗಿನ ಜ್ವಾಳಾನೂ ಬಿಟ್ಟಿಲ್ಲ ಅವರು" ಎಂದು ಟ್ರಂಕು ಇಳಿಸಿ ಮುಖ ಒರೆಸಿಕೊಂಡರು. ಗಡಿ ಮುಚ್ಚಿದಾಗಿನಿಂದ ಆ ಊರಿನ ವ್ಯಾಪಾರಿ ಬಂದಿರಲಿಲ್ಲ. ನೇಯ್ದಿಟ್ಟ ತೆನೆದಡಿಯ ಸೀರೆಗಳು ಅಷ್ಟೂ ಟ್ರಂಕಿನಲ್ಲಿದ್ದವು. ಚಿಗವ್ವ ಶೆಡ್ಡಿನ ಬಾಗಿಲಲ್ಲಿ ಕೂತು, ಬೇರೆ ಬೇರೆ ಊರಿಂದ ಬಂದ ಹೆಂಗಸರನ್ನು ಕರೆಕರೆದು ಒಬ್ಬೊಬ್ಬಳಿಗೆ ಒಂದೊಂದು ಕೊಟ್ಟಳು. "ಉಟಗೋರಿ, ಇವತ್ತ ಉಟಗೋರಿ. ಹುಡುಕಾಕ ಬಂದವನ ಕಣ್ಣಿಗೆ ಎಲ್ಲಾರೂ ಅಕಿನ ಕಾಣಬೇಕು." ಸಂಜೆಯೊಳಗೆ ಬಿಡಾರದ ತುಂಬ ಅದೇ ಕರಿಮೈ, ಅದೇ ಹಳದಿ ದಡಿ. ನನಗೆ ಅಳು ಬಂತು. ಮನೆಯ ದುಡಿಮೆಯನ್ನೆಲ್ಲ ತಂದು ಸುರಿದಿದ್ದ ಆ ದಂಪತಿಗೆ ಹೇಗೆ ಕೈ ಮುಗಿಯಬೇಕೋ ತಿಳಿಯಲಿಲ್ಲ.

ಆಮೇಲಿನ ದಿನಗಳಲ್ಲಿ ನಾನು ಎಲ್ಲೂ ನಿಲ್ಲಲಿಲ್ಲ. ಗದಗಿನಲ್ಲಿದ್ದರೆ ಮುಂಡರಗಿಯ ಚಿಂತೆ. ಮುಂಡರಗಿಯಲ್ಲಿ ನೀಲವ್ವನ ಮುಖ ನೋಡಲಾರದೆ ಮರಳಿ ಗದಗು. ಶಿರಹಟ್ಟಿಗೆ ಹೋಗಿ ಮಠದ ಕಟ್ಟೆಯ ಮೇಲೆ ಒಂದು ಗಳಿಗೆ ಕೂತು ಎದ್ದು ಬಂದೆ. ಬಂದೂಕಿನವರ ಕಡೆಯ ಎಲೆ ಮಾರುವವನೊಬ್ಬ ಗಡಿಯಾಚೆಯಿಂದ ಬಂದು ಬಿಡಾರದ ಸುತ್ತ ಮೂರು ದಿನ ಸುಳಿದಾಡಿದ, ಹೆಂಗಸರನ್ನು ನೋಡಿ ನೋಡಿ ತಲೆ ಕೆರೆದುಕೊಂಡು ಹೋದ ಎಂಬ ಖಬರು ಬಂತು. ಗೆದ್ದೆವು ಎಂದು ಚಿಗವ್ವ ಸಜ್ಜಕದ ಹೋಳಿಗೆ ಮಾಡಿದಳು. ಅಷ್ಟರಲ್ಲಿ ಮಳೆ ಹಿಡಿಯಿತು. ಎರೆಮಣ್ಣು ಸೈಕಲ್ಲಿನ ಗಾಲಿಗೆ ಮೆತ್ತಿಕೊಂಡು ತಿರುಗದಂತಾಯಿತು, ನಾನು ಬಸ್ಸಿಗೇ ಜೋತುಬಿದ್ದೆ.

ಅಂಥ ಒಂದು ಮಳೆಯ ಬೆಳಗ್ಗೆ ನೀಲವ್ವನ ಊರಿನ ಮುದುಕನೊಬ್ಬ ಗಡಿ ದಾಟಿ ಬಂದ. ನಾನು ಅಲ್ಲೇ ಇದ್ದೆ. ಸೀರೆಯ ವಾಕ್ಯ ಹಿಡಿದು ಬಂದೂಕಿನವರು ಆ ಊರಿಗೇ ಬಂದಿದ್ದರು. ಬಿಡಾರಕ್ಕೆ ಹೋದ ಮದಲಗಿತ್ತಿಯರು ನಾಲ್ಕು ಜನ, ಹೇಳಿದವಳು ಯಾರೆಂದು ಎಲೆ ಮಾರುವವನಿಗೆ ಗೊತ್ತಾಗಿರಲಿಲ್ಲ. ಹಾಗಾಗಿ ಊರಲ್ಲೇ ಉಳಿದಿದ್ದ ನಾಲ್ವರ ಗಂಡಂದಿರನ್ನೂ ಚಾವಡಿಯಲ್ಲಿ ಕೂಡಿಹಾಕಿದ್ದರು. "ಪೇಪರಿಗೆ ಹೇಳಿದಾಕಿ ಯಾರಂತ ಗೊತ್ತಾಗೂತನಾ ನಾಲ್ಕೂ ಮಂದಿ ಇಲ್ಲೇ ಬಿದ್ದಿರ್ತಾರ ಅಂದಾರವಾ. ದಿನಾ ಹೊಡ್ಯಾಕತ್ತಾರ" ಎಂದು ಮುದುಕ ನೆಲ ನೋಡುತ್ತ ಹೇಳಿದ.

ಉಳಿದ ಮೂವರು ಹೆಂಗಸರು ನೀಲವ್ವನ ಹತ್ತಿರ ಬಂದು ಕೂತರು. ಒಬ್ಬಳು ಅವಳ ಬೆನ್ನ ಮೇಲೆ ಕೈಯಾಡಿಸುತ್ತಿದ್ದಳು. ತಗಡಿನ ಮೇಲೆ ಮಳೆ ಬಡಿಯುತ್ತಿತ್ತು. ನೀಲವ್ವ ನನ್ನನ್ನು ಕರೆದಳು.

"ಪೇಪರಿನವರ, ಬರಕೋರಿ. ನನ್ನ ಹೆಸರು ನೀಲವ್ವ. ನನ್ನ ಗಂಡನ ಹೆಸರು ಫಕೀರಪ್ಪ. ಊರಿನ ಹೆಸರೂ ಹಾಕ್ರಿ. ಹೇಳಿದಾಕಿ ನಾನ, ಬ್ಯಾರೆ ಯಾರೂ ಅಲ್ಲ ಅಂತ ಬರೀರಿ."

ಮೂವರನ್ನು ಬಿಡಿಸಲು ಅವಳು ತನ್ನವನನ್ನು ಕೊಡುತ್ತಿದ್ದಳು. "ನೀಲವ್ವಾ, ಒಂದು ಸಲ ವಿಚಾರ ಮಾಡವ್ವ" ಎಂದೆ.

"ನೀವು ಬರಿಯೂಮುಂದ ಮಾಡಿದ್ರೇನ್ರಿ, ವಿಚಾರ?"

ಬರೆದುಕೊಂಡೆ. ಅವಳು ಹೇಳಿದಷ್ಟನ್ನೇ, ಒಂದು ಪದ ಸೇರಿಸದೆ, ಒಂದು ಪದ ತೆಗೆಯದೆ. ಹನ್ನೊಂದು ಸಾಲು. ಓದಿಸಿ ಕೇಳಿ ಹೆಬ್ಬೆಟ್ಟು ಒತ್ತಿದಳು. ಹುಬ್ಬಳ್ಳಿಗೆ ನಾನೇ ಒಯ್ದು ಕೊಟ್ಟೆ. ಸಂಪಾದಕರು ಓದಿ, "ಇದರೊಳಗ ಬರವಣಿಗಿ ಎಲ್ಲೈತೋ?" ಎಂದರು. ಇದ್ದ ಹಾಗೇ ಹಾಕಿರಿ ಎಂದು ಕಾಲು ಹಿಡಿದೆ. ಹಾಕಿದರು, ಒಳಪುಟದಲ್ಲಿ.

ವಾರದೊಳಗೆ ಮೂವರು ಬಿಡುಗಡೆಯಾಗಿ ಮನೆಗೆ ಬಂದರು. ಫಕೀರಪ್ಪ ಬರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ದಿಲ್ಲಿಯ ದಂಡು ಆ ಸೀಮೆಯೊಳಗೆ ಹೋಯಿತು. ಬಂದೂಕಿನವರು ದಿಕ್ಕಾಪಾಲಾದರು, ಚಾವಡಿಯ ಬಾಗಿಲು ತೆರೆಯಿತು. ಅವನು ಬದುಕಿದ್ದ. ಅಷ್ಟು ದಿನ ಅವನ ತಾಯಿಗೆ ಅಂಬಲಿ ಕುಡಿಸಿ ಮಗ್ಗುಲು ಬದಲಿಸಿದ್ದು ಆ ಮೂರು ಮನೆಯವರು.

ಸೀಗಿ ಹುಣ್ಣಿಮೆಯ ಮುಂದೆ ಆ ಊರಿಗೆ ಹೋದೆ. ಗಡಿಯ ನಾಕಾದಲ್ಲಿ ಯಾರೂ ತಡೆಯಲಿಲ್ಲ. ಫಕೀರಪ್ಪ ಪಡಸಾಲೆಯಲ್ಲಿ ಕೂತಿದ್ದ. ಬಲಗೈಯ ಬೆರಳು ಮಡಚುತ್ತಿರಲಿಲ್ಲ. ಕೂರಿಗೆ ಹಿಡಿಯುವ ಕೈ ಅದು. ನೀಲವ್ವ ನೀರು ತಂದಿಟ್ಟು ಒಳಗೆ ಹೋದಳು.

"ಅಕಿ ನನ್ನ ಹೆಸರು ಹಾಕಿಸ್ಯಾಳಂತಲ್ಲ, ಅದನ್ನ ಓದ್ರಿ" ಎಂದ ಫಕೀರಪ್ಪ. ಕಿಸೆಯಲ್ಲಿದ್ದ ತುಣುಕು ತೆಗೆದು ಹನ್ನೊಂದು ಸಾಲನ್ನೂ ಓದಿದೆ. ಕಣ್ಣು ಮುಚ್ಚಿಕೊಂಡು ಕೇಳಿದ.

"ಇದು ಖರೆ ಐತಿ" ಎಂದ. ಕಣ್ಣು ತೆರೆದು, "ಆ ಮೊದಲಿಂದು ಐತೆಲ್ಲ, ಸೀರೀದು, ಅದನ್ನ ಇನ್ನ ಯಾರ ಮುಂದೂ ಓದಬ್ಯಾಡ್ರಿ" ಎಂದ.

"ಇಲ್ರಿ. ಇನ್ನ ಯಾರ ಮುಂದೂ ಇಲ್ಲ" ಎಂದೆ. ಮನಸ್ಸಿನಿಂದಲೇ ಹೇಳಿದೆ.

ದೀಪಾವಳಿ ಕಳೆದ ಮೇಲೆ ಮುಂಬಯಿಯ ದೊಡ್ಡ ಇಂಗ್ಲಿಷ್ ಪತ್ರಿಕೆಯೊಂದರಿಂದ ಕಾಗದ ಬಂತು. ಹೊರದೇಶಕ್ಕೆ ಕಳಿಸಲು ಹುಡುಗರನ್ನು ಆರಿಸುತ್ತಿದ್ದರು, ನಮ್ಮ ಸಂಪಾದಕರು ನನ್ನ ಹೆಸರು ಹೇಳಿದ್ದರು. ನೀನು ಬರೆದದ್ದರಲ್ಲಿ ಅತ್ಯುತ್ತಮವಾದದ್ದೊಂದನ್ನು ಇಂಗ್ಲಿಷಿಗೆ ಮಾಡಿ ಕಳಿಸು ಎಂದಿತ್ತು. ಖೋಲಿಯ ಬಾಗಿಲು ಹಾಕಿಕೊಂಡು ಕೂತೆ. ಮೊದಲು ನೀಲವ್ವ ಹೇಳಿಸಿದ ಹನ್ನೊಂದು ಸಾಲನ್ನು ಅನುವಾದ ಮಾಡಿ ಲಕೋಟೆಯಲ್ಲಿಟ್ಟೆ. ತೆಗೆದು ನೋಡಿದೆ. ಎಷ್ಟು ಬಡಕಲಾಗಿತ್ತು ಅದು! ಒಬ್ಬಳ ಹೆಸರು, ಒಬ್ಬನ ಹೆಸರು, ಒಂದು ಊರು. ಇದನ್ನು ನೋಡಿ ಯಾರು ಕರೆದಾರು? ಹೊರಗೆ ಓಣಿಯಲ್ಲಿ ಓದುವವನಿಲ್ಲದೆ ನೂಲಿಗೆ ಗಂಜಿ ಹಚ್ಚುತ್ತಿದ್ದರು, ಚಿಗವ್ವ ಎರಡು ಸಲ ನನ್ನನ್ನು ಕೂಗಿದಳು. ನಾನು ಓಗೊಡಲಿಲ್ಲ. ಆ ಹಾಳೆಯನ್ನು ಮಡಚಿ ಹಾಸಿಗೆಯ ಕೆಳಗೆ ಸರಿಸಿ, ಸೀರೆಯದನ್ನು ಇಂಗ್ಲಿಷಿಗೆ ಮಾಡಿದೆ. ಹಳದಿ ದಡಿ, ಜೋಳದ ತೆನೆಯ ಸಾಲು, ತೆನೆಗೊಂದು ಬಿಳಿ ಚುಕ್ಕೆ, ಒಂದನ್ನೂ ಬಿಡಲಿಲ್ಲ.

ಇಪ್ಪತ್ತು ದಿನಕ್ಕೆ ಉತ್ತರ ಬಂತು. ಆ ಸೀರೆಯ ವಾಕ್ಯ ಓದಿದ ಮೇಲೆ ಬೇರೆಯವರ ಅರ್ಜಿಗಳನ್ನು ನೋಡಲೇ ಇಲ್ಲ, ಕೂಡಲೇ ಹೊರಟು ಬಾ ಎಂದು ಬರೆದಿದ್ದರು. ನಾನು ಹೋದೆ.